ಕಿಲಿಮಂಜಾರೋ ಹತ್ತಲು ಐದು ದಿನ ಸಾಕೇ?

ಪ್ರಶ್ನೆ: ತಂಗಿಯೂ ನಾನೂ ತಾಂಜಾನಿಯಾದ ಕಿಲಿಮಂಜಾರೋ ಹತ್ತಬೇಕೆಂದಿದ್ದೇವೆ. ಕುಮಾರ ಪರ್ವತ, ಕುದುರೆಮುಖ ಹತ್ತಿದ ಅಭ್ಯಾಸವಿದೆ, ಹಿಮ ಮಾತ್ರ ಕಂಡಿಲ್ಲ. ಐದು ದಿನದ ಚಾರಣ ಅಗ್ಗಕ್ಕೆ ಸಿಗುತ್ತಿದೆ. ಯಾವ ತಿಂಗಳು ಒಳ್ಳೆಯದು? ಭೂಮಧ್ಯರೇಖೆಯ ಪಕ್ಕದಲ್ಲೇ ಇರುವ ಪರ್ವತದಲ್ಲಿ ಚಳಿ ಎಷ್ಟಿರುತ್ತದೆ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಐದು ದಿನಕ್ಕೆ ಖಂಡಿತ ಒಪ್ಪಬೇಡಿ. ಮಾರಂಗು ದಾರಿಯ ಪ್ರವೇಶದ್ವಾರವೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿದೆ. ನಮ್ಮ ಬೆಟ್ಟಗಳು ಮುಗಿಯುವ ಎತ್ತರದಲ್ಲಿ ಅಲ್ಲಿ ನಡಿಗೆ ಶುರು! ತುದಿ ಇರುವುದು 5,895 ಮೀಟರ್‌ನಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಉಸಿರಿಗೆ ದಕ್ಕುವ ಆಮ್ಲಜನಕವೂ ಅಷ್ಟೇ. ಕಾಲಲ್ಲಿ ಎಷ್ಟೇ ಕಸುವಿದ್ದರೂ ದೇಹ ಅದಕ್ಕೆ ಒಗ್ಗಲು ದಿನಗಳು ಬೇಕು.

ಲೆಮೋಶೋ ದಾರಿಯಲ್ಲಿ ಎಂಟು ದಿನದ ಚಾರಣ ಸಿಗುತ್ತದೆ, ದುಡ್ಡು ಹೆಚ್ಚಾದರೂ ಅದನ್ನೇ ಹಿಡಿಯಿರಿ. ಅಲ್ಲಿ 4,600 ಮೀಟರ್ ದಾಟಿದ ಲಾವಾ ಟವರ್ ಎಂಬ ಬಂಡೆಯವರೆಗೆ ಹತ್ತಿಸಿ, ದೇಹ ಒಗ್ಗಲೆಂದು ಮಲಗಲು ಬರಾಂಕೋ ಶಿಬಿರಕ್ಕೆ ಸುಮಾರು 600 ಮೀಟರ್ ಇಳಿಸುತ್ತಾರೆ. ಲಾವಾ ಟವರ್ ಬಳಿ ನನ್ನ ತಮ್ಮ ತಲೆ ಹಿಡಿದುಕೊಂಡು ಊಟದ ತಟ್ಟೆಯನ್ನೇ ದೂರ ತಳ್ಳಿದ್ದ. ಬರಾಂಕೋ ತಲುಪಿದ ಮೇಲೆ ತಾನೇ ಕೇಳಿ ಎರಡನೇ ಬಟ್ಟಲು ಸೂಪ್ ಹಾಕಿಸಿಕೊಂಡ.

ಉತ್ತರ 2: ತಿಂಗಳ ಮಾತು ನಾನು ಹೇಳುತ್ತೇನೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಹೊತ್ತಿಗೆ ಸಣ್ಣ ಮಳೆ. ಜನವರಿ–ಫೆಬ್ರುವರಿ ಅಥವಾ ಜುಲೈನಿಂದ ಸೆಪ್ಟೆಂಬರ್ ಆರಿಸಿಕೊಳ್ಳಿ. ಆದರೂ ದಕ್ಷಿಣದ ಇಳಿಜಾರಿನ ಕಾಡಿನಲ್ಲಿ ಮಳೆಯಂಗಿ ಕೈಗೆ ಸಿಗುವಂತಿರಲಿ. ಕೀನ್ಯಾ ಗಡಿಯ ಕಡೆಯಿಂದ ಹತ್ತುವ ರೊಂಗೈ ದಾರಿಯಲ್ಲಿ ಮಳೆ ಕಡಿಮೆ. ತಪ್ಪಲಲ್ಲಿ ಚಗ್ಗ ಜನರ ಬಾಳೆ, ಕಾಫಿ ತೋಟಗಳು, ಮೇಲೆ ಪಾಚಿ ಜೋತುಬಿದ್ದ ಕಾಡು, ಆಮೇಲೆ ಕುರುಚಲು. 4,000 ಮೀಟರ್ ದಾಟಿದರೆ ಬರೀ ಕಲ್ಲು, ದೂಳು. ಬರಾಂಕೋ ಸುತ್ತ ಆಳೆತ್ತರ ಮೀರಿದ ಸೆನೆಸಿಯೋ ಗಿಡಗಳನ್ನು ನಿಂತು ನೋಡಿ: ಒಣಗಿದ ಎಲೆಗಳು ಉದುರದೆ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡಿರುತ್ತವೆ. ಹಗಲು ಬಿಸಿಲು, ರಾತ್ರಿ ಹಿಮಗಟ್ಟುವ ಚಳಿ, ಇದು ಅಲ್ಲಿ ನಿತ್ಯದ ಪಾಡು. ಎಳೆಯ ಎಲೆಗಳೂ ರಾತ್ರಿ ಮುಚ್ಚಿಕೊಳ್ಳುತ್ತವೆ.

ತುದಿಯ ಹಿಮನದಿಗಳನ್ನು ನೋಡುವ ಆಸೆಯಿದ್ದರೆ ಬೇಗ ಹೋಗಿ. 1912ರಲ್ಲಿ ಇದ್ದುದರಲ್ಲಿ ಶೇ 80ಕ್ಕೂ ಹೆಚ್ಚು ಭಾಗ ಈಗಾಗಲೇ ಹೋಗಿದೆ. ನನಗೆ ಅದು ತುಂಬ ಸಂಕಟ ತಂದಿತು.

ಉತ್ತರ 3: ಚಳಿ ಕೊನೆಯ ರಾತ್ರಿಯದು. ಮಧ್ಯರಾತ್ರಿಯ ಹೊತ್ತಿಗೆ ಹೊರಡಿಸುತ್ತಾರೆ, ಜಾರುವ ಜಲ್ಲಿ ಆಗ ಹೆಪ್ಪುಗಟ್ಟಿ ಕಾಲಿಗೆ ಹಿಡಿತ ಕೊಡುತ್ತದೆ. ಮೈನಸ್ 15 ಡಿಗ್ರಿಗೆ ಸಿದ್ಧರಾಗಿರಿ, ಗಾಳಿ ಬೇರೆ. ಬೆನ್ನಚೀಲದಿಂದ ನೀರು ಹೀರುವ ಕೊಳವೆ ಹೆಪ್ಪುಗಟ್ಟುತ್ತದೆ, ಬಾಟಲಿಯನ್ನು ಉಣ್ಣೆಯ ಕಾಲುಚೀಲಕ್ಕೆ ತೂರಿಸಿ ತಲೆಕೆಳಗಾಗಿ ಇಡಿ. ಮೊಬೈಲ್ ಮೈಗೆ ತಾಗಿಕೊಂಡಿರಲಿ. ಮಾರ್ಗದರ್ಶಕರು ‘ಪೋಲೆ ಪೋಲೆ’, ನಿಧಾನ ನಿಧಾನ ಎನ್ನುತ್ತಲೇ ಇರುತ್ತಾರೆ, ಕೇಳಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಾಗಲೂ ಏದುಸಿರು ಬಂದರೆ ತುದಿ ಎಷ್ಟೇ ಹತ್ತಿರವಿರಲಿ, ಆ ಕ್ಷಣವೇ ಇಳಿಯಬೇಕು. ತಂಗಿಗೂ ಇದನ್ನು ಹೊರಡುವ ಮೊದಲೇ ಹೇಳಿಡಿ, ಅಷ್ಟು ಮೇಲೆ ವಾದ ಮಾಡಲು ಇಬ್ಬರಿಗೂ ಉಸಿರು ಸಾಲುವುದಿಲ್ಲ.