ಹೇಡ್ರಿಯನ್ ಗೋಡೆ ದಾರಿ: ಕಾರಿಲ್ಲದೆ ಕಂತುಕಂತಾಗಿ ನಡೆಯುವುದು ಹೇಗೆ?

ಕಾಲುದಾರಿ
ಎಲ್ಲರಿಗೂ ನಮಸ್ಕಾರ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಉದ್ದಕ್ಕೂ ಇರುವ ಕಾಲುದಾರಿಯನ್ನು ಪೂರ್ತಿ, ಅಂದರೆ 135 ಕಿ.ಮೀ., ನಡೆಯಬೇಕೆಂದಿದ್ದೇವೆ, ನಾನು ಮತ್ತು ನನ್ನ ತಂಗಿ. ಒಂದೇ ಸಲಕ್ಕೆ ಆಗದು. ಜೂನ್‌ನಲ್ಲಿ ಐದು ದಿನ ರಜೆ ಇದೆ, ಮಿಕ್ಕಿದ್ದು ಆಮೇಲಿನ ವಾರಾಂತ್ಯಗಳಲ್ಲಿ. ದಿನಕ್ಕೆ 16 ಕಿ.ಮೀ. ನಮಗೆ ಸಲೀಸು, ಅದಕ್ಕಿಂತ ಹೆಚ್ಚು ಕಷ್ಟ. ಕಾರಿಲ್ಲ. ಸಸ್ಯಾಹಾರಿಗಳು. ಸಾಮಾನ್ಯವಾಗಿ ಹೇಳುವ ಆರು ದಿನದ ಲೆಕ್ಕದಲ್ಲಿ ಕೆಲವು ದಿನ 24–26 ಕಿ.ಮೀ. ಬರುತ್ತದೆ. ಎಲ್ಲೆಲ್ಲಿ ಮುರಿಯಬಹುದು?

ಮೈಲಿಗಲ್ಲು
ಕಿಲೋಮೀಟರ್ ಸಮನಾಗಿ ಹಂಚಲು ಹೋಗಬೇಡಿ. ಬಸ್ಸು, ರೈಲು ಸಿಗುವ ಕಡೆ ಮುರಿಯಿರಿ. ನ್ಯೂಕಾಸಲ್–ಹೆಕ್ಸಮ್–ಹಾಲ್ಟ್‌ವಿಸಲ್–ಕಾರ್ಲೈಲ್ ರೈಲು ಗೋಡೆಯ ದಕ್ಷಿಣಕ್ಕೆ ಉದ್ದಕ್ಕೂ ಓಡುತ್ತದೆ. ಹೆಕ್ಸಮ್ ಮತ್ತು ಹಾಲ್ಟ್‌ವಿಸಲ್ ನಡುವೆ, ಗೋಡೆಯ ಪಕ್ಕದಲ್ಲೇ, ಎಡಿ122 ಬಸ್ಸು ಇದೆ (ಗೋಡೆ ಕಟ್ಟಲು ಶುರುಮಾಡಿದ ಕ್ರಿ.ಶ. 122ರ ಹೆಸರಿನದು). ಅದರ ಓಡಾಟ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಆ ವರ್ಷದ ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಿ.

ನನ್ನ ಸಲಹೆ: ಐದು ದಿನದ ರಜೆಯನ್ನು ನಡುಭಾಗಕ್ಕೇ ಇಡಿ, ಎರಡು ತುದಿಗಳನ್ನು ವಾರಾಂತ್ಯಕ್ಕೆ ಬಿಡಿ. ತುದಿಗಳಿಗೆ ಊರಿನ ಬಸ್ಸು, ಮೆಟ್ರೊ ಇರುತ್ತವೆ. ಹಾಲ್ಟ್‌ವಿಸಲ್‌ನಲ್ಲಿ ಒಂದೇ ಕೋಣೆ ಹಿಡಿದರೆ ದಿನಾ ಚೀಲ ಹೊರುವುದು ತಪ್ಪುತ್ತದೆ. ಮೊದಲ ದಿನ ಪೋರ್ಟ್‌ಗೇಟ್‌ನಿಂದ ಚಾಲರ್‌ಫರ್ಡ್, ಸುಮಾರು 8 ಕಿ.ಮೀ., ಊರಿಂದ ಬಂದ ದಿನಕ್ಕೆ ಅಷ್ಟೇ ಸಾಕು. ಪೋರ್ಟ್‌ಗೇಟ್‌ಗೆ ಕಾರ್‌ಬ್ರಿಜ್ ನಿಲ್ದಾಣದಿಂದ ಟ್ಯಾಕ್ಸಿ ಮೊದಲೇ ಹೇಳಿಡಿ. ಎರಡನೆಯ ದಿನ ಹೌಸ್‌ಸ್ಟೆಡ್ಸ್ ಕೋಟೆವರೆಗೆ ಸುಮಾರು 14. ಮೂರನೆಯದು ವಾಲ್‌ಟೌನ್‌ವರೆಗೆ ಸುಮಾರು 15, ಇದೇ ಅತಿ ಕಷ್ಟದ್ದು. ನಾಲ್ಕನೆಯ ದಿನ ವಾಲ್ಟನ್‌ವರೆಗೆ ಸುಮಾರು 16. ಬರ್ಡೋಸ್ವಾಲ್ಡ್ ಬಳಿ ಗೋಡೆಯ ಅತಿ ಉದ್ದದ ಅಖಂಡ ತುಂಡು ಅವತ್ತೇ ಸಿಗುತ್ತದೆ, ಅಲ್ಲಿ ಆತುರಪಡಬೇಡಿ. ವಾಲ್ಟನ್‌ನಿಂದ ವಾಪಸಾಗಲೂ ಟ್ಯಾಕ್ಸಿಯೇ ಗತಿ. ಐದನೆಯ ದಿನ ಮಳೆಗೆ ಮೀಸಲು. ಮಳೆ ಬಾರದಿದ್ದರೆ ವಿಂಡೊಲಾಂಡಾ ಎಂಬ ರೋಮನ್ ಕೋಟೆಯ ಅವಶೇಷ ನೋಡಿ.

ಕಲ್ಲುಬಂಡೆ
ಮೂರನೆಯ ದಿನ ನಕ್ಷೆಯ ಮೇಲೆ ಚಿಕ್ಕದು, ಕಾಲಿಗೆ ದೊಡ್ಡದು. ಗೋಡೆ ಕಪ್ಪು ಡಾಲರೈಟ್ ಬಂಡೆಯ ಏಣಿನ ಮೇಲೇ ಹೋಗುತ್ತದೆ. ದಾರಿಯ ಅತಿ ಎತ್ತರದ ಜಾಗ ವಿನ್‌ಶೀಲ್ಡ್ಸ್, 345 ಮೀಟರ್ ಮಾತ್ರ. ಆದರೆ ಏಣಿನಲ್ಲಿ ಕಮರಿ ಬಂದ ಕಡೆಯೆಲ್ಲ ಕಡಿದಾದ ಕಲ್ಲುಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಗಂಟೆಗೆ 3 ಕಿ.ಮೀ. ಲೆಕ್ಕ ಹಿಡಿಯಿರಿ. ಒದ್ದೆಯಾದಾಗ ಆ ಕಲ್ಲು ವಿಪರೀತ ಜಾರುತ್ತದೆ. ಇಳಿಯುವ ಮುಂಚೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜರುಗಿ ಹೆಬ್ಬೆರಳು ಶೂಗೆ ಗುದ್ದಿಕೊಂಡು ಉಗುರು ಕಪ್ಪಾಗುತ್ತದೆ.

ಕಾಲಿಗೆ ಬೊಬ್ಬೆ ಬರುವುದು ಮಾತ್ರ ಬೆಟ್ಟದಲ್ಲಲ್ಲ, ನ್ಯೂಕಾಸಲ್ ಕಡೆಯ ಡಾಂಬರಿನ ಮೇಲೆ. ದಾರಿಯ ಪೂರ್ವ ತುದಿಯಾದ ವಾಲ್ಸೆಂಡ್‌ನಿಂದ ಹೆಡನ್‌ವರೆಗೆ 24 ಕಿ.ಮೀ. ಬಹುಪಾಲು ಗಟ್ಟಿ ನೆಲ. ಅದನ್ನು 8 ಮತ್ತು 16 ಎಂದು ಮುರಿಯಿರಿ, ಬೂಟು ಬಿಟ್ಟು ಓಟದ ಶೂ ಹಾಕಿ. ಹಿಮ್ಮಡಿ ಉರಿಯಲು ಶುರುವಾದ ಕೂಡಲೇ ನಿಂತು ಟೇಪ್ ಹಚ್ಚಿ, ಗುಳ್ಳೆ ಎದ್ದ ಮೇಲೆ ಹಚ್ಚಿ ಫಲವಿಲ್ಲ.

ಕರು ಜೊತೆಗಿರುವ ಹಸುಗಳು ಕಂಡರೆ ಎಷ್ಟೇ ಸುತ್ತಾದರೂ ದೂರದಿಂದ ಹೋಗಿ, ತಾಯಿ-ಕರುವಿನ ನಡುವೆ ಮಾತ್ರ ನುಗ್ಗಬೇಡಿ. ಗೋಡೆಯ ಮೇಲೆ ಹತ್ತಬೇಡಿ. ಹುಲ್ಲಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯದೆ ಅಕ್ಕಪಕ್ಕ ನಡೆಯಿರಿ. ಒಂದೇ ಗೆರೆ ತುಳಿದು ಹುಲ್ಲು ಸತ್ತರೆ ಮಳೆನೀರು ಮಣ್ಣನ್ನು ಕೊರೆದು ಕೆಳಗೆ ಹೂತಿರುವ ರೋಮನ್ ಅವಶೇಷವನ್ನು ಬಯಲು ಮಾಡುತ್ತದೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ, ದಯವಿಟ್ಟು ಪಾಲಿಸಿ.

ಕಾಲುದಾರಿ
ತುಂಬಾ ಉಪಕಾರವಾಯಿತು. ಊಟ, ನೀರು ಹೇಗೆ? ಕಾರ್ಲೈಲ್ ಆಚೆ ರಸ್ತೆಗೆ ಸಮುದ್ರದ ನೀರು ನುಗ್ಗುತ್ತದಂತೆ, ನಿಜವೇ?

ಮೈಲಿಗಲ್ಲು
ಚಾಲರ್‌ಫರ್ಡ್‌ನಿಂದ ವಾಲ್‌ಟೌನ್‌ವರೆಗೆ ಅಂಗಡಿಯನ್ನು ನೆಚ್ಚಬೇಡಿ. ತಲಾ 2 ಲೀಟರ್ ನೀರು, ಚಪಾತಿಗೆ ಚಟ್ನಿಪುಡಿ-ಎಣ್ಣೆ ಕಲಸಿ ಸುತ್ತಿಕೊಂಡರೆ ಮಧ್ಯಾಹ್ನಕ್ಕಾಯಿತು. ಪಬ್‌ಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಎಷ್ಟೋ ಕಡೆ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆವರೆಗೆ ಅಡುಗೆಮನೆ ಮುಚ್ಚಿರುತ್ತದೆ.

ನೀರಿನ ವಿಷಯ ನಿಜ. ಬರ್ಗ್ ಬೈ ಸ್ಯಾಂಡ್ಸ್ ದಾಟಿದ ಮೇಲೆ ಡೈಕ್ಸ್‌ಫೀಲ್ಡ್‌ನಿಂದ ಡ್ರಂಬರ್ಗ್‌ವರೆಗೆ ದಾರಿ ಉಪ್ಪುಜೌಗಿನ ಅಂಚಿನಲ್ಲಿದೆ, ದೊಡ್ಡ ಉಬ್ಬರದಲ್ಲಿ ಮುಳುಗುತ್ತದೆ. ಆದ್ದರಿಂದ ಕಾರ್ಲೈಲ್–ಬೋನೆಸ್ (ದಾರಿಯ ಪಶ್ಚಿಮ ತುದಿ) 24 ಕಿ.ಮೀ. ಅನ್ನು ಬರ್ಗ್‌ನಲ್ಲಿ ಮುರಿಯಿರಿ. ಎರಡನೆಯ ಅರ್ಧಕ್ಕೆ ಉಬ್ಬರದ ಪಟ್ಟಿ ನೋಡಿ, ನೀರು ಇಳಿಯತೊಡಗಿದ ಮೇಲೆ ಹೊರಡಿ. ಬೋನೆಸ್‌ನಿಂದ ಕಾರ್ಲೈಲ್‌ಗೆ ದಿನಕ್ಕೆ ಕೆಲವೇ ಬಸ್ಸು, ಭಾನುವಾರ ನಂಬಬೇಡಿ. ಉಬ್ಬರ ಮತ್ತು ಬಸ್ಸು ಎರಡೂ ಹೊಂದುವ ಶನಿವಾರವನ್ನು ಮೊದಲು ಹುಡುಕಿ, ಆಮೇಲೆ ರೈಲು ಟಿಕೆಟ್ ಮಾಡಿ.