ಇನ್ಶೂರೆನ್ಸ್ ‘ಎಂಡಾರ್ಸ್‌ಮೆಂಟ್’ಗೆ ‘ಹಿಂಬರಹ’ ಸರಿಯೇ? ಜೊತೆಗೆ ‘ಭನ್ಸಾರ್’

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಕೆಲವು ಕುಟುಂಬಗಳು ಈ ರಜೆಯಲ್ಲಿ ಸ್ವಂತ ಕಾರಿನಲ್ಲಿ ನೇಪಾಳಕ್ಕೆ ಹೊರಟಿವೆ. ಗೋರಖ್‌ಪುರದ ಮೇಲೆ ಹೋಗಿ, ಸುನೌಲಿಯಲ್ಲಿ ಗಡಿ ದಾಟಿ, ಪೋಖರಾ, ಮುಕ್ತಿನಾಥ ನೋಡಿ ಬರುವ ಯೋಚನೆ. ಅವರಿಗಾಗಿ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಆರ್‌ಸಿ, ಡಿಎಲ್, ಎಮಿಷನ್ ಸರ್ಟಿಫಿಕೇಟ್ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ತೊಡಕಿರುವುದು ಇನ್ಶೂರೆನ್ಸ್‌ನಲ್ಲಿ.

ನಮ್ಮ ಕಾರಿನ ಪಾಲಿಸಿ ಮಾಮೂಲಾಗಿ ಭಾರತದೊಳಗೆ ಮಾತ್ರ ನಡೆಯುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್, ಇಷ್ಟು ದೇಶಗಳಿಗೆ ಬೇಕಾದರೆ ಪ್ರತ್ಯೇಕ ಹಣ ಕಟ್ಟಿ ಸೇರಿಸಿಕೊಳ್ಳಬೇಕು. 2002ರ ಮೋಟಾರ್ ದರಪಟ್ಟಿಯಲ್ಲಿ ಇದಕ್ಕೆ ಪ್ಯಾಕೇಜ್ ಪಾಲಿಸಿಗೆ (ನಮ್ಮ ಕಾರಿನ ಹಾನಿಯೂ ಸೇರಿದ್ದು) 500 ರೂಪಾಯಿ, ಬರೀ ಥರ್ಡ್ ಪಾರ್ಟಿಗೆ 100 ರೂಪಾಯಿ ಇತ್ತು. ಹಣ ಕಟ್ಟಿದ ಮೇಲೆ ಕಂಪನಿಯವರು ಪಾಲಿಸಿಗೆ ಸೇರುವ ಒಂದು ಹಾಳೆ ಕೊಡುತ್ತಾರೆ. ಅದೇ ಎಂಡಾರ್ಸ್‌ಮೆಂಟ್.

ಇದಕ್ಕೆ ನಿಘಂಟಿನ ಮಾತು ‘ಹಿಂಬರಹ’. ಪದ ಚೆನ್ನಾಗಿದೆ. ಚೆಕ್ಕಿನ ಬೆನ್ನಿಗೆ ಬರೆಯುವುದಕ್ಕಂತೂ ಅಚ್ಚುಕಟ್ಟಾಗಿ ಹೊಂದುತ್ತದೆ. ಆದರೆ ತಾಲ್ಲೂಕು ಕಚೇರಿಗೆ ಅಲೆದವರ ಕಿವಿಯಲ್ಲಿ ಅದರ ಅರ್ಥವೇ ಬೇರೆ. ‘ಅರ್ಜಿಗೆ ಹಿಂಬರಹ ಕೊಟ್ಟರು’ ಎಂದರೆ ಕೆಲಸ ಆಗಲಿಲ್ಲ, ಕಾರಣ ಬರೆದು ಕೈಗೆ ಕೊಟ್ಟರು ಎಂದೇ ಬಹಳ ಜನ ತಿಳಿಯುತ್ತಾರೆ, ಅಲ್ವಾ? ‘ನೇಪಾಳಕ್ಕೆ ಹಿಂಬರಹ ಪಡೆಯಿರಿ’ ಎಂದು ನಾನು ಬರೆದರೆ ಓದಿದವರು ಗೊಂದಲಕ್ಕೆ ಬೀಳಬಹುದು. ‘ಭೌಗೋಳಿಕ ವ್ಯಾಪ್ತಿ ವಿಸ್ತರಣೆ’ ಎಂದರೆ ಓದದೆಯೇ ಮುಂದಿನ ಸಾಲಿಗೆ ಹೋಗುತ್ತಾರೆ. ಹಾಗೆ ಬಿಟ್ಟು ಹೋದವರ ಕಾರು ಅಲ್ಲಿ ಯಾರಿಗಾದರೂ ಗುದ್ದಿದರೆ ನಷ್ಟ ಪೂರ್ತಿ ಅವರ ತಲೆಗೇ. ಅದಕ್ಕೇ ಇಷ್ಟು ಕೇಳುತ್ತಿರುವುದು.

ಸದ್ಯಕ್ಕೆ ‘ಪಾಲಿಸಿಗೆ ನೇಪಾಳ ಸೇರಿಸಿ, ಸೇರಿಸಿದ ಹಾಳೆ ಕೇಳಿ ಪಡೆಯಿರಿ’ ಎಂದು ಬರೆದಿದ್ದೇನೆ. ಆ ಹಾಳೆಗೆ ‘ಸೇರ್ಪಡೆ ಪತ್ರ’ ಎನ್ನಬಹುದೇ? ಹೆಸರು, ವಿಳಾಸ ತಿದ್ದಿದಾಗ ಕೊಡುವ ಹಾಳೆಯೂ ಎಂಡಾರ್ಸ್‌ಮೆಂಟೇ. ಅಲ್ಲಿ ‘ಸೇರ್ಪಡೆ’ ಒಪ್ಪುವುದಿಲ್ಲ.

ಇನ್ನೊಂದು, ‘ಭನ್ಸಾರ್’. ನೇಪಾಳಿಯಲ್ಲಿ ಭನ್ಸಾರ್ ಕಾರ್ಯಾಲಯ ಎಂದರೆ ಕಸ್ಟಮ್ಸ್ ಕಚೇರಿ. ಅಲ್ಲಿಗೆ ಹೋಗಿಬಂದವರು ಕಾರು ಒಳಗೆ ಒಯ್ಯಲು ದಿನದ ಲೆಕ್ಕದಲ್ಲಿ ಹಣ ಕಟ್ಟಿ ಪಡೆಯುವ ಚೀಟಿಗೂ ‘ಭನ್ಸಾರ್’ ಎಂದೇ ಹೇಳುತ್ತಾರೆ. ಕಚೇರಿಗೆ ನಮ್ಮ ‘ಸುಂಕದಕಟ್ಟೆ’ ಸರಿಯಾಗಿ ಕೂರುತ್ತದೆ, ಆದರೆ ಬೆಂಗಳೂರಿನವರಿಗೆ ಅದು ಮಾಗಡಿ ರಸ್ತೆಯ ಬಡಾವಣೆ. ಚೀಟಿಗೆ ‘ರಹದಾರಿ’ ನನಗೆ ಇಷ್ಟ. ಆಟೋದವರು ಪರ್ಮಿಟ್‌ಗೆ ಈಗಲೂ ಆ ಪದ ಕೇಳಿರುತ್ತಾರೆ. ಆದರೂ ಗಡಿಯಲ್ಲಿ ಬೋರ್ಡ್ ಹುಡುಕುವವರಿಗೆ ‘ಭನ್ಸಾರ್’ ಎಂಬ ಮಾತೇ ಬೇಕು. ಹಾಗಾಗಿ ‘ಭನ್ಸಾರ್ ರಹದಾರಿ’ ಎಂದು ಜೋಡಿಸಲೇ?

ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಕೌಂಟರ್‌ನಲ್ಲಿ ಕನ್ನಡದ ಗ್ರಾಹಕರಿಗೆ ಎಂಡಾರ್ಸ್‌ಮೆಂಟ್ ಅನ್ನು ಹೇಗೆ ಹೇಳುತ್ತೀರಿ ಎಂದು ದಯವಿಟ್ಟು ತಿಳಿಸಿ.