‘ಎಮ್ಮೆಯನ್ನು ದನ ದೂಡಿತು’ ಅಂದರೆ ಮಗನಿಗೆ ಉಲ್ಟಾ ಅರ್ಥ ಆಗುತ್ತದೆ, ಯಾಕೆ?

ಸಂತೆಕಟ್ಟೆ ಅಮ್ಮ:
ಮಗನಿಗೆ 7 ವರ್ಷ, ಎರಡನೇ ಕ್ಲಾಸು. ಮಾತು ತಡವಾಗಿ ಬಂತು. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಸರಿಯಾಗಿ ಕೇಳುತ್ತದೆ. ಡಿಎಲ್‌ಡಿ, ಅಂದರೆ ಭಾಷೆ ಕಲಿಯುವುದರಲ್ಲೇ ತೊಂದರೆ ಇದೆ ಅಂತ ಹೇಳಿದ್ದಾರೆ. ‘ಬಂಗುಡೆಯನ್ನು ಬೆಕ್ಕು ತಿಂದಿತು’ ಅಂದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಗೊಂಬೆ ಕೊಟ್ಟು ‘ಎಮ್ಮೆಯನ್ನು ದನ ದೂಡಿತು, ಮಾಡಿ ತೋರಿಸು ಮಗಾ’ ಅಂದರೆ ಎಮ್ಮೆಯ ಕೈಯಲ್ಲಿ ದನವನ್ನು ದೂಡಿಸುತ್ತಾನೆ. ಶಾಲೆಯಲ್ಲಿ ಗಮನ ಇಲ್ಲ ಅಂತ ಬೈಯುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಎರಡು ಭಾಷೆಯಿಂದ ಹೀಗಾಯ್ತಾ?

ಸ್ಪೀಚ್ ಥೆರಪಿಸ್ಟ್, ಮಂಗಳೂರು:
ಎರಡು ಭಾಷೆಯಿಂದ ಅಲ್ಲವೇ ಅಲ್ಲ. ತುಳು ನಿಲ್ಲಿಸಬೇಡಿ, ಅಜ್ಜಿ ಹತ್ತಿರ ಮಾತಾಡುವುದು ಅದರಲ್ಲೇ ಅಲ್ವಾ? ಡಿಎಲ್‌ಡಿ ಇದ್ದರೆ ಎರಡೂ ಭಾಷೆಯಲ್ಲಿ ಕಾಣುತ್ತದೆ, ಒಂದನ್ನು ಬಿಟ್ಟರೆ ಕಡಿಮೆಯಾಗುವುದಿಲ್ಲ.
ಬಂಗುಡೆ ವಾಕ್ಯ ಸುಲಭ, ಯಾಕಂದ್ರೆ ಮೀನು ಬೆಕ್ಕನ್ನು ತಿನ್ನಲಾರದು, ಅಲ್ಲಿ ವ್ಯಾಕರಣವೇ ಬೇಡ. ದನ, ಎಮ್ಮೆ ಆದರೆ ಯಾವುದು ಯಾವುದನ್ನು ಬೇಕಾದರೂ ದೂಡಬಹುದು. ‘ಅಣ್ಣನನ್ನು ಅಕ್ಕ ದೂಡಿದಳು’ ಅಂದರೆ ಕೊನೆಯ ‘ಳು’ ಕೇಳಿಯಾದರೂ ಗೊತ್ತಾದೀತು, ‘ದೂಡಿತು’ ಎರಡಕ್ಕೂ ಒಂದೇ. ಉಳಿಯುವ ಸುಳಿವು ಆ ‘ಅನ್ನು’ ಮಾತ್ರ. ಅದನ್ನು ಹಿಡಿಯಲಾಗದ ಮಗು ಮೊದಲು ಕೇಳಿದ್ದೇ ದೂಡಿದ್ದು ಅಂತ ತಿಳಿಯುತ್ತದೆ. ಇಂಗ್ಲಿಷ್, ಜರ್ಮನ್ ಕಲಿಯುವ ಪುಟ್ಟ ಮಕ್ಕಳೂ ಹೀಗೆ ಮಾಡುತ್ತಾರೆ, ಡಿಎಲ್‌ಡಿ ಇದ್ದವರಲ್ಲಿ ಅದು ಜಾಸ್ತಿ ವರ್ಷ ಉಳಿಯುತ್ತದೆ. ‘ಎಮ್ಮೆ ದೂಡಿದ ದನ’, ‘ಎಮ್ಮೆಯನ್ನು ದೂಡಿದ ದನ’, ಇವೆರಡನ್ನೂ ಕೇಳಿ ನೋಡಿ. ಮೊದಲನೆಯದರಲ್ಲಿ ದನ ದೂಡಿಸಿಕೊಂಡದ್ದು, ಎರಡನೆಯದರಲ್ಲಿ ದೂಡಿದ್ದು. ಮೊದಲಿನಂಥ ವಾಕ್ಯಗಳೇ ಹೀಬ್ರೂ ಮಾತಾಡುವ ಇಂಥ ಮಕ್ಕಳಿಗೂ ಕಷ್ಟ ಅಂತ ಸಂಶೋಧಕರಾದ ಫ್ರೀಡ್‌ಮನ್ ಮತ್ತು ನೊವೊಗ್ರಾಡ್ಸ್ಕಿ 2004ರಲ್ಲಿ ಬರೆದಿದ್ದಾರೆ.
ಮನೆಯಲ್ಲಿ ‘ಅನ್ನು’ ಒತ್ತಿ ಹೇಳಿ. ಹೇಳಿದ ಮೇಲೆ ಸ್ವಲ್ಪ ಕಾಯಿರಿ. ತಪ್ಪಿದರೆ ಬೈಯದೆ ನೀವೇ ಗೊಂಬೆಯಲ್ಲಿ ಮಾಡಿ ತೋರಿಸಿ.

ಬ್ರಹ್ಮಾವರದ ಟೀಚರ್:
ಓದಿ ಬೇಜಾರಾಯಿತು, ಇಂಥ ಮಕ್ಕಳಿಗೆ ‘ಸರಿ ಕೇಳಿಸ್ಕೊ’ ಅಂತ ನಾನೂ ಎಷ್ಟೋ ಸಲ ಗದರಿದ್ದೇನೆ. ಈಗ ಬೋರ್ಡಿನಲ್ಲಿ ‘ಅನ್ನು’ ಮಾತ್ರ ಕೆಂಪು ಚಾಕಿನಲ್ಲಿ ಬರೆಯುತ್ತೇನೆ. ಲೆಕ್ಕದ ಪ್ರಶ್ನೆಯನ್ನೂ ತಿರುಚದೆ ಕೊಡುತ್ತೇನೆ, ಲೆಕ್ಕ ಬರುವ ಮಗು ವಾಕ್ಯದಲ್ಲಿ ಸೋಲಬಾರದು. ಅಕ್ಕ, ನೀವು ಶಾಲೆಗೆ ಹೋಗಿ ಆ ಗೊಂಬೆ ಆಟವನ್ನೇ ಟೀಚರ್ ಎದುರು ಮಾಡಿಸಿ ನೋಡಿ, ಬಾಯಿಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ.

ಸಂತೆಕಟ್ಟೆ ಅಮ್ಮ:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ‘ಅನ್ನು’ ಒತ್ತಿ ಹೇಳಿದೆ, ಐದರಲ್ಲಿ ಮೂರು ಸರಿ ಮಾಡಿದ. ತುಳುವಿನಲ್ಲಿ ಕೇಳಿದಾಗಲೂ ಇಂಥ ವಾಕ್ಯದಲ್ಲೇ ತಪ್ಪಿದ. ಸೋಮವಾರ ಗೊಂಬೆ ಹಿಡಿದುಕೊಂಡೇ ಶಾಲೆಗೆ ಹೋಗುತ್ತೇನೆ.